ಕುಂಕುಮವಿಲ್ಲದ ನಟ್ಟು

ರಸ್ತೆಯ ತುಂಬ ರೇಷ್ಮೆಗೂಡು ಚೆಲ್ಲಿತ್ತು.

ಕಾಮಗೆರೆಯ ಹತ್ತಿರದ ತಿರುವು. ಹನೂರಿನಿಂದ ಕೊಳ್ಳೇಗಾಲಕ್ಕೆ ಹೊರಟಿದ್ದ ಪಿಕಪ್ ಮಗ್ಗುಲಾಗಿ ಬಿದ್ದಿತ್ತು. ಬೆಳಗಿನ ಬಸ್ಸಿನಿಂದ ಇಳಿದ ಜನ ಸುತ್ತ ನಿಂತಿದ್ದರು. ಅವರ ಚಪ್ಪಲಿಗಳ ಕೆಳಗೆ ಗೂಡು ಅಪ್ಪಚ್ಚಿಯಾಗುತ್ತಿತ್ತು. ಡ್ರೈವರ್ ಮಧುವನ್ನು ಆಂಬುಲೆನ್ಸ್ ಆಗಲೇ ಒಯ್ದಿತ್ತು. ಉಸಿರಿತ್ತು, ಪ್ರಜ್ಞೆ ಇರಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಪವಿತ್ರ ಗಾಡಿಯ ಸುತ್ತ ನಡೆದಳು. ಮುಂದಿನ ಎಡ ಚಕ್ರ ಇರಲಿಲ್ಲ.

"ಅಲ್ಲಿ ಅದೆ ನೋಡಿ ಮೇಡಂ," ಹೆಡ್ ಕಾನ್‌ಸ್ಟೆಬಲ್ ಪುಟ್ಟಮಾದಪ್ಪ ಹಿಪ್ಪುನೇರಳೆ ತೋಟದತ್ತ ಕೈ ತೋರಿಸಿದ. "ಗಾಡೀನ ಇಲ್ಲೇ ಬಿಟ್ಟು ಚಕ್ರ ತಾನೊಂದೇ ಓಗಿ ಮನೀಕಂಡದೆ."

ಗಾಡಿ ಹಳೆಯದು. ಬಾಗಿಲಿಗೆ ತುಕ್ಕು ಹಿಡಿದಿತ್ತು. ಚಕ್ರ ಮಾತ್ರ ಫಳಫಳ ಹೊಳೆಯುತ್ತಿತ್ತು. ಅದೇ ಕಂಪನಿಯ ಹೊಸ ಮಾಡೆಲ್ಲಿಗೆ ಬರುವ ಅಲಾಯ್ ಚಕ್ರ. ಹಳೇ ಪಿಕಪ್ಪಿಗೆ ಹೊಸ ಮಾಡೆಲ್ಲಿನ ಚಕ್ರ ಹಾಕಿಸುವ ಹುಚ್ಚು ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಯ ಡ್ರೈವರುಗಳಿಗೆ ಈಚೆಗೆ ಹತ್ತಿತ್ತು.

ಪವಿತ್ರ ಬಗ್ಗಿ ನೋಡಿದಳು. ಚಕ್ರ ಕೂರಿಸುವ ಬೋಲ್ಟುಗಳು ನೆಟ್ಟಗಿದ್ದವು. ಒಂದರ ಮೇಲೂ ನಟ್ಟಿಲ್ಲ. ಗಾಡಿ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದಳು. ಬಹಳ ದೂರ ನಡೆದ ಮೇಲೆ ರಸ್ತೆಯಂಚಿನ ಮಣ್ಣಿನಲ್ಲಿ ಎರಡು ನಟ್ಟು ಸಿಕ್ಕವು. ಕವರಿಗೆ ಹಾಕಿಕೊಂಡಳು.

ಗುಂಪಿನಿಂದ ತಲೆ ಬೋಳಿಸಿಕೊಂಡಿದ್ದ ಯುವಕನೊಬ್ಬ ಮುಂದೆ ಬಂದ. ಹೆಸರು ಹೇಮಂತ್. ಯಳಂದೂರಿನವನು, ಮಧುವಿನ ಗೆಳೆಯ, ಅವನೂ ಪಿಕಪ್ ಡ್ರೈವರೇ. ಸುದ್ದಿ ಕೇಳಿ ಬೈಕಿನಲ್ಲಿ ಓಡಿ ಬಂದಿದ್ದ.

"ಇದು ಆಕ್ಸಿಡೆಂಟಲ್ಲ ಮೇಡಂ. ಯಾರೋ ನಟ್ ಸಡ್ಲ ಮಾಡವ್ರೆ."

"ಯಾರು?"

"ನಾನೆಂಗೆ ಯೋಳ್ಲಿ? ನೆನ್ನೆ ಮಾರ್ಕೆಟ್ಟಲ್ಲಿ ಉಮೇಶ ಇವ್ನ ಕಾಲರ್ ಇಡ್ಕಂಡಿದ್ದ. ಲೋಡಿನ ಸರದಿಗೆ ಜಗ್ಳ. 'ನಿನ್ ಗಾಡಿ ಎಂಗ್ ಓಡ್ತದೋ ನೋಡ್ತೀನಿ ಕಣ್ಲಾ' ಅಂದ. ಸ್ಟ್ಯಾಂಡಿಗೆ ಸ್ಟ್ಯಾಂಡೇ ಕೇಳುಸ್ಕಂಡದೆ."

ಗುಂಪು ಗುಜುಗುಜು ಎಂದಿತು. ಅಲ್ಲಿದ್ದವರಿಗೆ ಅಪರಾಧಿ ಸಿಕ್ಕಿಬಿಟ್ಟಿದ್ದ.

* * *

"ಜಗ್ಳ ಆಡ್ದೆ. ಬೈದೆ. ನಟ್ ಮುಟ್ಲಿಲ್ಲ."

ಉಮೇಶ್ ಠಾಣೆಯ ಬೆಂಚಿನ ಮೇಲೆ ಕೂತಿದ್ದ. ಹನೂರಿನವನು. ಷರಟಿನ ಗುಂಡಿ ಕಿತ್ತುಹೋಗಿತ್ತು. ಸ್ಟ್ಯಾಂಡಿನಲ್ಲಿ ಪೊಲೀಸರಿಗಿಂತ ಮೊದಲು ಜನ ಅವನನ್ನು ವಿಚಾರಿಸಿಕೊಂಡಿದ್ದರು.

"ನಿನ್ನ ಸೀಟಿನ ಪಕ್ಕ ವೀಲ್ ಸ್ಪ್ಯಾನರ್ ಸಿಕ್ಕಿದೆ," ಎಂದಳು ಪವಿತ್ರ.

"ಪಿಕಪ್ಪಲ್ಲಿ ಸ್ಪ್ಯಾನರ್ ಮಡಿಕಳ್ದೆ ಸೌಟು ಮಡಿಕಳಾದಾ ಮೇಡಂ?"

ಪುಟ್ಟಮಾದಪ್ಪ ನಗು ನುಂಗಿಕೊಂಡ. ಪವಿತ್ರ ನಗಲಿಲ್ಲ.

"ಈ ನಾಲಗೆಯಿಂದಲೇ ನೀನು ಇಲ್ಲಿ ಕೂತಿರೋದು."

ಉಮೇಶನ ದನಿ ಇಳಿಯಿತು. "ಸರ್ಕಾರಿ ಬಸ್ ಡ್ರೈವರ್ ಕೆಲ್ಸಕ್ಕೆ ಸೆಲೆಕ್ಟ್ ಆಗಿವ್ನಿ ಮೇಡಂ. ಪೊಲೀಸ್ ವೆರಿಫಿಕೇಶನ್ ಒಂದೇ ಬಾಕಿ. ವಯಸ್ಸಿನ ಲೆಕ್ಕದಲ್ಲಿ ನಂಗಿದೇ ಕೊನೇ ಸಲ. ಕೊಲೆಯತ್ನದ ಕೇಸ್ ಅಂತ ಎಸ್ರು ಬಿದ್ರೆ ಮುಗೀತು. ಆಮೇಲೆ ಕೋರ್ಟು ಬಿಟ್ರೆಷ್ಟು, ಇಡುದ್ರೆಷ್ಟು?"

ಅವನು ಹೇಳಿದ್ದು ನಿಜ. ಸಂಜೆಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ನಿಲ್ಲಿಸಿದರೆ ಕಾಗದದಲ್ಲಿ ಹೆಸರು ಬಿತ್ತು. ಬಿಟ್ಟುಬಿಡೋಣ ಎಂದರೆ ಹೊರಗೆ ಗುಂಪು. ಪವಿತ್ರಳ ಕೈಯಲ್ಲಿದ್ದದ್ದು ಕೆಲವೇ ಗಂಟೆ.

ಎದ್ದು ಅಂಗಳಕ್ಕೆ ಹೋದಳು. ಕ್ರೇನಿನಲ್ಲಿ ತಂದ ಪಿಕಪ್ ಅಲ್ಲಿತ್ತು. ಕುಕ್ಕರುಗಾಲಲ್ಲಿ ಕೂತು ಉಳಿದ ಮೂರು ಚಕ್ರ ನೋಡಿದಳು. ಪ್ರತಿ ನಟ್ಟಿನ ತಲೆಯ ಮೇಲೂ ಅರಿಶಿನ, ಅದರ ಮೇಲೆ ಕುಂಕುಮದ ಬೊಟ್ಟು. ಧೂಳು ಕೂತರೂ ಬಣ್ಣ ಹಸಿಯಾಗಿತ್ತು.

ಕವರಿನಿಂದ ಎರಡು ನಟ್ಟು ತೆಗೆದಳು. ಮಣ್ಣಿತ್ತು, ಗ್ರೀಸಿತ್ತು. ಅರಿಶಿನದ ಗೆರೆ ಕೂಡ ಇರಲಿಲ್ಲ.

ಗಾಡಿಯಿಂದ ಒಂದು ನಟ್ಟು ಬಿಚ್ಚಿಸಿ ಪಕ್ಕದಲ್ಲಿಟ್ಟಳು. ಅದರ ಬುಡ ಚಪ್ಪಟೆ, ಅಗಲವಾದ ವಾಷರ್ ಅಂಟಿಕೊಂಡೇ ಇತ್ತು. ರಸ್ತೆಯಲ್ಲಿ ಸಿಕ್ಕಿದ್ದಕ್ಕೆ ವಾಷರಿಲ್ಲ. ಮೂತಿ ಬುಗುರಿಯ ಹಾಗೆ ಚೂಪು. ಕಳಚಿಬಿದ್ದ ಚಕ್ರದ ತೂತಿಗೆ ಆ ಚೂಪು ನಟ್ಟನ್ನು ಇಟ್ಟು ಬೆರಳಿನಿಂದ ಅಲ್ಲಾಡಿಸಿದಳು. ಲಟಲಟ ಎಂದಿತು. ತೂತಿನ ಅಂಚು ಸುತ್ತಲೂ ಕಚ್ಚಿದಂತೆ ತರಿದುಹೋಗಿತ್ತು.

"ಪುಟ್ಟಮಾದಪ್ಪನವರೇ, ಯಾರೂ ನಟ್ ಸಡಿಲ ಮಾಡಿಲ್ಲ. ಬದಲಾಯಿಸಿದ್ದಾರೆ."

"ಒಂದೇ ಅಲ್ವಾ ಮೇಡಂ?"

"ಅಲ್ಲ. ಸಾಯಿಸಬೇಕು ಅಂದುಕೊಂಡವನು ಸಡಿಲ ಮಾಡಿ ಓಡಿಹೋಗ್ತಾನೆ. ಬೇರೆ ನಟ್ ತಂದು, ಬಿಗಿ ಮಾಡಿ ಹೋಗೋನು ಯಾರು?"

* * *

ಕೊಳ್ಳೇಗಾಲದ ಆಸ್ಪತ್ರೆಯ ವರಾಂಡದಲ್ಲಿ ಮಧುವಿನ ಹೆಂಡತಿ ರಮ್ಯಶ್ರೀ ಗೋಡೆಗೆ ಒರಗಿ ನಿಂತಿದ್ದಳು. ಮಗ್ಗದ ಬೀದಿಯವಳು. ಸುದ್ದಿ ಬಂದಾಗ ಮಗ್ಗದ ಮೇಲೆ ಕೂತಿದ್ದವಳು ಹಾಗೇ ಎದ್ದು ಬಂದಿದ್ದಳು. ಪಕ್ಕದಲ್ಲಿ ಹೇಮಂತ್ ಇದ್ದ.

"ಹೇಮಂತ, ಮಹದೇಶ್ವರನ ಗುಡೀಲಿ ಒಂದು ಕಾಯಿ ಒಡೆಸಿ ಬಾರಪ್ಪ," ಎನ್ನುತ್ತಿದ್ದಳು.

"ಸೂತಕ ಅತ್ಗೆ. ಅಪ್ಪನ ತಿಥಿ ಆಗಗಂಟ ಗುಡಿ ಒಳಿಕ್ಕೆ ಓಗಂಗಿಲ್ಲ. ಗಾಡಿಗೇ ಒಂದ್ ಬೊಟ್ಟು ಮಡಗಿಲ್ಲ ನಾವು."

ಪವಿತ್ರ ನೇರವಾಗಿ ಕೇಳಿದಳು. "ಚಕ್ರಕ್ಕೆ ಪೂಜೆ ಮಾಡಿದ್ದು ಯಾರಮ್ಮ?"

"ನಾನೇ ಮೇಡಂ. ನೆನ್ನೆ ಶುಕ್ರವಾರ ಅಲ್ವಾ. ಬೇರೆ ವಾರ ಆದ್ರೆ ಟೈರಿಗೆ ಒಂದೊಂದು ಬೊಟ್ಟು, ಅಷ್ಟೇ. ಹೊಸ ಚಕ್ರ ಬಂದ್ಮೇಲೆ ಮೊದಲ್ನೇ ಶುಕ್ರವಾರ ಅಂತ ಒಂದೊಂದು ನಟ್ಟಿಗೂ ಅರಿಶಿನ ಹಚ್ಚಿ ಕುಂಕುಮ ಇಟ್ಟೆ. 'ಚಕ್ರ ಕಣೇ ಅದು, ಮದ್ವೆ ಹೆಣ್ಣಲ್ಲ' ಅಂತ ಬೈದ್ರು."

"ನಾಲ್ಕೂ ಚಕ್ರಕ್ಕೆ ಇಟ್ಟಿದ್ರಾ?"

"ನಾಲ್ಕಕ್ಕೂ. ಒಂದಕ್ಕೆ ಬಿಟ್ಟು ಒಂದಕ್ಕೆ ಯಾರಾದ್ರೂ ಇಡ್ತಾರಾ?"

"ಕಳಚಿಹೋದ ಚಕ್ರದ ನಟ್ಟಿನ ಮೇಲೆ ಕುಂಕುಮ ಇಲ್ಲ. ಶುಕ್ರವಾರದ ಪೂಜೆ ಆದ ಮೇಲೆ ಯಾರೋ ಆ ನಟ್ಟು ಬಿಚ್ಚಿಕೊಂಡು ಬೇರೆ ಹಾಕಿದ್ದಾರೆ. ಪೂಜೆ ಆದ ಮೇಲೆ ಗಾಡಿ ಎಲ್ಲಿತ್ತು?"

"ಮಾರ್ಕೆಟ್ ಸ್ಟ್ಯಾಂಡಲ್ಲೇ. ಹರಾಜು ಮುಗಿಯೋ ತನಕ ಇವ್ರು ಒಳಗೇ ಇರ್ತಾರೆ. ಆಮೇಲೆ ಮನೆ. ಬೆಳಗ್ಗೆ ಎದ್ದು ಹನೂರಿಗೆ ಹೋದ್ರು."

ಡಾಕ್ಟರು ಹೊರಗೆ ಬಂದರು. ರಮ್ಯಶ್ರೀ ಅವರತ್ತ ಓಡಿದಳು. ಪವಿತ್ರ ತಿರುಗಿ ನೋಡಿದಾಗ ಹೇಮಂತ್ ಅಲ್ಲಿರಲಿಲ್ಲ.

* * *

ಮೆಕ್ಯಾನಿಕ್ ನಂಜುಂಡಯ್ಯ ಬಸ್ ನಿಲ್ದಾಣದ ಹಿಂದೆ ಶೆಡ್ಡಿಟ್ಟಿದ್ದ. ಪೊಲೀಸ್ ಜೀಪ್ ಕಂಡದ್ದೇ ಅವನ ಮುಖ ಬಿಗಿಯಿತು.

"ಚಕ್ರ ಕಳಚ್ತು ಅಂದ್ರೆ ಮೊದ್ಲು ಮೆಕ್ಯಾನಿಕ್ ಕುತ್ಗೆಗೇ ಬತ್ತೀರಿ. ಬನ್ನಿ ಬನ್ನಿ."

"ಮಧು ಗಾಡಿಗೆ ಹಳೇ ನಟ್ ಹಾಕಿದ್ದೀರಾ?"

"ಉಚ್ಚನಾ ನಾನು? ಅದ್ರ ಹಳೇ ಚಕ್ರ ಕಬ್ಣದ್ದು. ತೂತು ಲಾಳಿಕೆ ತರ ಇಳಿಜಾರು. ಅದಕ್ಕೆ ಬುಗುರಿ ನಟ್. ಈ ಅಲಾಯ್ ಚಕ್ರದ ತೂತು ಚಪ್ಪಟೆ. ವಾಷರ್ ನಟ್ಟೇ ಬೇಕು. ಬುಗುರಿ ನಟ್ ಆಕಿದ್ರೆ ಕೈಗೆ ಬಿಗಿ ಅನ್ಸ್ತದೆ. ಓಡ್ತಾ ಓಡ್ತಾ ಸಡ್ಲ ಆಯ್ತದೆ."

"ಮಧುವಿನ ಹಳೇ ನಟ್ ಎಲ್ಲಿ?"

ಅವನು ಮೂಲೆಯಿಂದ ಹರಿದ ಟ್ಯೂಬಿನಲ್ಲಿ ಕಟ್ಟಿಟ್ಟ ಗಂಟು ಎಳೆದು ಅವಳ ಮುಂದೆ ಸುರಿದ. "ಎಣಿಸ್ಕಳಿ. ಒಂದ್ ಕಮ್ಮಿ ಇದ್ರೆ ನನ್ನ ಎಳ್ಕಂಡೋಗಿ."

ಪುಟ್ಟಮಾದಪ್ಪ ಎಣಿಸಿದ. ಒಂದೂ ಕಮ್ಮಿ ಇರಲಿಲ್ಲ.

ಪವಿತ್ರ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ರಸ್ತೆಯಲ್ಲಿ ಸಿಕ್ಕ ಬುಗುರಿ ನಟ್ಟು ಮಧುವಿನದಲ್ಲ, ಬೇರೆ ಗಾಡಿಯದು. ಯಾರಿಗೋ ವಾಷರ್ ನಟ್ಟು ಬೇಕಾಗಿತ್ತು. ತನ್ನ ಬುಗುರಿ ನಟ್ಟು ಮಧುವಿಗೆ ಬಿಗಿದು, ಮಧುವಿನದನ್ನು ತಾನು ತೆಗೆದುಕೊಂಡ. ಇದು ಕೊಲೆಯ ಸಂಚಲ್ಲ, ಕಳ್ಳತನ. ಕದ್ದವನಿಗೂ ಅದೇ ಅಲಾಯ್ ಚಕ್ರ ಇರಬೇಕು.

"ಈ ಚಕ್ರ ಬಂದಿದ್ದು ಎಲ್ಲಿಂದ?"

"ಯಳಂದೂರಿನ ಶಿವಯ್ಯನ ಗುಜರಿ ಅಂಗಡಿ. ಎಲ್ಡು ಸೆಟ್ ಬಂದಿದ್ವಂತೆ. ಒಂದ್ ಸೆಟ್ ನಾನ್ ಕೂರಿಸ್ದೆ. ಇನ್ನೊಂದ್ ಯಾರ್ ತಕಂಡ್ರೋ ಕಾಣೆ."

ಅಲ್ಲೇ ನಿಂತು ಫೋನ್ ಮಾಡಿದಳು.

"ಇನ್ನೊಂದ್ ಸೆಟ್ಟಾ? ನಮ್ಮೂರ ಏಮಂತ ತಕಂಡ ಮೇಡಂ," ಎಂದ ಶಿವಯ್ಯ. "ಅದ್ರಲ್ಲಿ ಒಂದ್ ಚಕ್ರಕ್ಕೆ ನಟ್ ಇರ್ನಿಲ್ಲ. ಬುಗುರಿ ನಟ್ ಆಕ್ಬ್ಯಾಡ ಕಣ್ಲಾ, ಮೈಸೂರಿಂದ ತರಿಸ್ಕೊಡ್ತೀನಿ, ಒಂದ್ ವಾರ ತಡ್ಕ ಅಂದೆ. ಕೇಳ್ನಿಲ್ಲ. ಮಾರ್ನೇ ದಿನ ಬಂದು ನನ್ಮೇಲೇ ಕೂಗಾಡ್ದ. ಮಾಂಬಳ್ಳಿ ತವ ಚಕ್ರ ಗಡಗಡ ಅಂತಂತೆ, ಇಳ್ದು ನೋಡುದ್ರೆ ನಟ್ಟೆಲ್ಲ ಸಡ್ಲ ಆಗಿದ್ವಂತೆ."

"ಅವನ ಗಾಡಿ ಈಗ ಎಲ್ಲಿದೆ?"

"ಇದೇನು, ಎದುರ್ಗೇ ಅದೆ. ಈಗ ತಾನೇ ಬಂದ. ವಾಟರ್ ಸರ್ವಿಸ್‌ಗೆ ಬಿಟ್ಟು ನಿಂತವ್ನೆ. ಬರೀ ಚಕ್ರ ತೊಳುದ್ರೆ ಸಾಕು ಅಂತಾವ್ನೆ."

ಪವಿತ್ರ ಆಗಲೇ ಜೀಪಿನತ್ತ ಓಡುತ್ತಿದ್ದಳು. "ಶಿವಯ್ಯನವರೇ, ನೀರು ಬಿಡಕೂಡದು! ನಿಲ್ಲಿಸಿ!"

"ನಾನೆಂಗ್ ನಿಲ್ಲುಸ್ಲಿ ಮೇಡಂ?"

"ಏನಾದರೂ ಮಾಡಿ!"

ಶಿವಯ್ಯನ ದನಿ ಪಿಸುಗುಟ್ಟಿತು. "ಅವ್ರಿಗೂ ನಮ್ಗೂ ಕರೆಂಟು ಒಂದೇ ಕಂಬದಿಂದ. ಫ್ಯೂಸು ನಮ್ ಗೋಡೇಲದೆ."

"ಕಿತ್ತು ಜೇಬಿಗೆ ಹಾಕ್ಕೊಳ್ಳಿ!"

* * *

ಯಳಂದೂರಿನ ರಸ್ತೆಯಲ್ಲಿ ಜೀಪ್ ಹಾರಿತು. ಮುಂದೆ ಕಬ್ಬಿನ ಟ್ರ್ಯಾಕ್ಟರ್. ಪುಟ್ಟಮಾದಪ್ಪ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಅರಚಿದ. "ಓಯ್! ಓರೆಗೆ ಎಳಿಯೋ! ಮನೆ ಕಟ್ಕಂಡಿದ್ದೀಯಾ ರೋಡಲ್ಲಿ?" ಟ್ರ್ಯಾಕ್ಟರ್ ಸರಿಯಿತು. ಮಾಂಬಳ್ಳಿ ಕಡೆಯ ರಸ್ತೆ ಹಿಂದೆ ಬಿತ್ತು. ಪವಿತ್ರಳ ತಲೆಯಲ್ಲಿ ಒಂದೇ ಲೆಕ್ಕ. ಅರಿಶಿನ ತೊಳೆಯಲು ಒಂದು ಚೊಂಬು ನೀರು ಸಾಕು. ಅದು ತೊಳೆದುಹೋದರೆ ಉಳಿಯುವುದು ಎಲ್ಲ ನಟ್ಟಿನಂಥ ನಟ್ಟು. ಉಮೇಶ್ ಸಂಜೆ ಕೋರ್ಟಿಗೆ.

ಸರ್ವಿಸ್ ಸ್ಟೇಷನ್ನಿನ ಮುಂದೆ ಜೀಪ್ ಕಿರುಗುಟ್ಟಿ ನಿಂತಿತು.

ಕೆಲಸದವರು ಒಣ ಪೈಪ್ ಹಿಡಿದು ನಿಂತಿದ್ದರು. ಹೇಮಂತ್ ಕಾದಿರಲಿಲ್ಲ. ಪಕ್ಕದ ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ತಂದು, ಮುಂದಿನ ಚಕ್ರದ ಬಳಿ ಕೂತು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದ.

"ಕೈ ತೆಗಿ!"

ಅವನು ಬೆಚ್ಚಿ ಎದ್ದ. ಬಕೆಟ್ ಉರುಳಿತು. ಓಡಲು ನೋಡಿದ. ಪುಟ್ಟಮಾದಪ್ಪ ಹಿಂದಿನಿಂದ ಸೊಂಟ ತಬ್ಬಿದ. ಇಬ್ಬರೂ ಕೆಸರಿಗೆ ಬಿದ್ದರು. ಮೇಲಿದ್ದದ್ದು ಪುಟ್ಟಮಾದಪ್ಪ.

ಪವಿತ್ರ ಚಕ್ರದ ಮುಂದೆ ಕೂತಳು. ಕೆಲವು ನಟ್ಟು ಫಳಫಳ ಹೊಳೆಯುತ್ತಿದ್ದವು. ಕೆಳಗಿನ ಎರಡಕ್ಕೆ ಬಟ್ಟೆ ಇನ್ನೂ ತಾಕಿರಲಿಲ್ಲ. ಅರಿಶಿನ. ಅದರ ಮೇಲೆ ಕುಂಕುಮ.

ಅವಳಿಗೆ ಕೂಗಿಬಿಡಬೇಕು ಅನ್ನಿಸಿತು. ಕೂಗಲಿಲ್ಲ. ಎದ್ದು ಗಾಡಿಯನ್ನು ಒಂದು ಸುತ್ತು ಹಾಕಿದಳು. ಬೇರೆ ಮೂರು ಚಕ್ರ ಒಣ ಧೂಳಿನಲ್ಲೇ ಇದ್ದವು, ಒಂದು ನಟ್ಟಿಗೂ ಕುಂಕುಮವಿಲ್ಲ. ಗಾಜಿನ ಹಿಂದೆ ದೇವರ ಪಟಕ್ಕೆ ಹೂವಿಲ್ಲ. ಬಾನೆಟ್ಟಿಗೆ ಬೊಟ್ಟಿಲ್ಲ.

"ಈ ನಟ್ಟಿಗೆ ಕುಂಕುಮ ಇಟ್ಟಿದ್ದು ಯಾರು ಹೇಮಂತ?"

"ನಮ್ಮವ್ವ ಮಡಗಿರ್ಬೇಕು."

"ಸೂತಕದ ಮನೆಯಲ್ಲಿ? ತಿಥಿ ಆಗೋ ಮುಂಚೆ? ಒಂದೇ ಒಂದು ಚಕ್ರಕ್ಕೆ?"

ಎದುರು ಅಂಗಡಿಯ ಮೆಟ್ಟಿಲ ಮೇಲೆ ಶಿವಯ್ಯ ಫ್ಯೂಸ್ ಹಿಡಿದುಕೊಂಡು ನಿಂತಿದ್ದ.

* * *

ಠಾಣೆಯಲ್ಲಿ ಹೇಮಂತ್ ಎಲ್ಲ ಹೇಳಿದ. ಶನಿವಾರ ರಾಮನಗರದ ಮಾರುಕಟ್ಟೆಗೆ ಲೋಡ್ ಒಪ್ಪಿಕೊಂಡಿದ್ದ. ಮೈಸೂರಿನಿಂದ ನಟ್ಟು ಬರಲು ವಾರ ಹಿಡಿಯುತ್ತಿತ್ತು. ಶುಕ್ರವಾರ ಸ್ಟ್ಯಾಂಡಿನಲ್ಲಿ ಮಧುವಿನ ಗಾಡಿ ಪಕ್ಕಕ್ಕೇ ನಿಂತಿತ್ತು. ಒಂದೊಂದೇ ಬಿಚ್ಚಿ, ಒಂದೊಂದೇ ಹಾಕಿದರೆ ಜಾಕ್ ಕೂಡ ಬೇಡ. ಹಗಲಲ್ಲೇ ಮಾಡಿದ. ಡ್ರೈವರುಗಳ ಸ್ಟ್ಯಾಂಡಿನಲ್ಲಿ ಸ್ಪ್ಯಾನರ್ ಹಿಡಿದು ಕೂತವನನ್ನು ಯಾರೂ ಏನು ಮಾಡುತ್ತಿದ್ದೀಯ ಎಂದು ಕೇಳುವುದಿಲ್ಲ. ಬೆಳಗ್ಗೆ ಲೋಡಿಗೆ ಹೊರಡುವಾಗ ಮಧು ಬಿದ್ದ ಸುದ್ದಿ ಬಂತು. ಗಾಡಿ ಬಿಟ್ಟು ಬೈಕ್ ಹತ್ತಿದ.

"ಉಮೇಶನ ಹೆಸರು ಯಾಕೆ ಹೇಳಿದೆ?"

"ಜಗ್ಳ ಆಡಿದ್ನಲ್ಲ. ಬಾಯ್ಗೆ ಬಂತು."

"ಮಾಂಬಳ್ಳಿ ಹತ್ತಿರ ನಿನ್ನ ಚಕ್ರ ಗಡಗಡ ಅಂದಾಗ ಇಳಿದು ನೋಡಿದೆ. ಆ ನಟ್ ನಿಲ್ಲಲ್ಲ ಅಂತ ನಿನಗೆ ಗೊತ್ತಿತ್ತು. ಗೊತ್ತಿದ್ದೇ ಮಧುವಿಗೆ ಹಾಕಿದೆ."

"ಸಾಯ್ಲಿ ಅಂತ ಮಾಡ್ನಿಲ್ಲ ಮೇಡಂ. ಅವ್ನು ನನ್ ಸ್ನೇಹಿತ. ಅವ್ನೂ ಇಳ್ದು ನೋಡ್ತಾನೆ ಅನ್ಕಂಡೆ."

"ಒಂದು ಫೋನ್ ಮಾಡಿ ಹುಷಾರು ಅನ್ನಬಹುದಿತ್ತಲ್ಲ?"

ಹೇಮಂತ್ ತಲೆ ತಗ್ಗಿಸಿದ. "ಯೋಳಿದ್ರೆ ನಟ್ ವಾಪಸ್ ಕೇಳ್ತಿದ್ದ."

ಪುಟ್ಟಮಾದಪ್ಪ ಬರೆಯುತ್ತಿದ್ದ ಪೆನ್ನು ನಿಲ್ಲಿಸಿ ಅವನ ಮುಖ ನೋಡಿದ. ಆಮೇಲೆ ಅದನ್ನೂ ಬರೆದುಕೊಂಡ.

ಸಂಜೆ ಮ್ಯಾಜಿಸ್ಟ್ರೇಟರ ಮುಂದೆ ನಿಂತವನು ಹೇಮಂತ್. ಅಷ್ಟು ಹೊತ್ತಿಗೆ ಮಧು ಕಣ್ಣು ಬಿಟ್ಟಿದ್ದ. ಕಾಲಿಗೆ ರಾಡ್ ಹಾಕಬೇಕು, ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರು. ಬೆಳಗ್ಗೆ ಠಾಣೆಯ ಮುಂದೆ ಕೂಗಿದ್ದ ಗುಂಪಿನಲ್ಲಿ ಒಬ್ಬನೂ ಈಗ ಇರಲಿಲ್ಲ.

ಉಮೇಶ್ ಗುಂಡಿಯಿಲ್ಲದ ಷರಟನ್ನು ಎಳೆದುಕೊಳ್ಳುತ್ತ ಮೇಜಿನ ಮುಂದೆ ನಿಂತ. "ನನ್ ಎಸ್ರು ಎಲ್ಲಾದ್ರೂ ಬರ್ದದಾ ಮೇಡಂ?"

"ಎಲ್ಲೂ ಇಲ್ಲ."

"ವೆರಿಫಿಕೇಶನ್‌ಗೆ ಯಾರ್ ಬತ್ತಾರೆ?"

"ನಾನೇ ಬರ್ತೀನಿ. ಅವತ್ತು ಮನೆಯಲ್ಲಿರು. ಕೇಳಿದ್ದಕ್ಕಷ್ಟೇ ಉತ್ತರ ಕೊಡು. ಸೌಟು ಗೀಟು ಅಂದರೆ ಸಹಿ ಹಾಕಲ್ಲ."