ಸಹಿಯಾಗದ ಹಿತ್ತಲ ಮನೆ

ಲಾಸ್ ಏಂಜಲೀಸಿನ ನಮ್ಮ ಹಿತ್ತಲಲ್ಲಿ ಅಮ್ಮನಿಗೆಂದೇ ಪುಟ್ಟ ಮನೆ ಕಟ್ಟಿಸಿದೆ. ಅವಳು ಗಿಡ್ಡ, ಅದಕ್ಕೇ ಅಡುಗೆಕಟ್ಟೆಯನ್ನೂ ತಗ್ಗಿಸಿದ್ದೆ. ಆದರೆ ನಗರಸಭೆಯವರು ತಪಾಸಣೆ ಮಾಡಿ ಸಹಿ ಹಾಕುವವರೆಗೆ ಒಳಗೆ ಯಾರೂ ಇರುವಂತಿಲ್ಲ.

"ಸಹಿಗೆ ಕಾಯ್ತಾ ಕೂತ್ರೆ ನಾನು ಸ್ಮಶಾನಕ್ಕೇ ಮನೆ ಬದಲಾಯಿಸ್ತೀನಿ ಕಣೇ," ಎಂದು ಅಮ್ಮ ರೇಗಿಸುತ್ತಿದ್ದಳು. ಹಾಗೇ ಆಯಿತು.

ಅವಳನ್ನು ಮಣ್ಣು ಮಾಡಿದ ಮರುವಾರ ತಪಾಸಣೆಯವನು ಬಂದ. ಬೀಗ ತೆಗೆದುಕೊಟ್ಟೆ. ಒಳಗೆ ಹೋದವನು ಸಿಡುಕುತ್ತಾ ಹೊರಬಂದ.

"ಏನಮ್ಮ ಒತಿಲಿಯಾ, ಆಗ್ಲೇ ಯಾರನ್ನೋ ಇರಿಸ್ಬಿಟ್ಟಿದ್ದೀರಲ್ಲ!"

"ಯಾರೂ ಇಲ್ಲ ಸಾರ್."

"ಹಾಗಾದ್ರೆ ಆ ಕಾಫಿ ಯಾರ್ದು?"

ಒಳಗೆ ಹೋಗಿ ನೋಡಿದೆ. ತಗ್ಗಿನ ಕಟ್ಟೆಯ ಮೇಲೆ ಅಮ್ಮನ ಮಣ್ಣಿನ ಕುಡಿಕೆ ಹಬೆಯಾಡುತ್ತಿತ್ತು. ಅವಳು ಕಾಫಿಗೆ ಹಾಕುತ್ತಿದ್ದಷ್ಟೇ ದಾಲ್ಚಿನ್ನಿಯ ಘಮ. ಒಲೆ ಮಾತ್ರ ತಣ್ಣಗಿತ್ತು.

"ಅವರು ಖಾಲಿ ಮಾಡೋವರೆಗೂ ಸಹಿ ಇಲ್ಲ," ಎಂದು ಅವನು ಹೊರಟುಹೋದ.

ಮತ್ತೆ ಅವನನ್ನು ಕರೆಸಿಲ್ಲ. ಅಮ್ಮನಿಗೆ ಖಾಲಿ ಮಾಡು ಎನ್ನಲು ನನಗೆ ಬಾಯಿ ಬಂದಿಲ್ಲ.