ಜಾಣಕಿವುಡು

"ನಮಸ್ಕಾರ ಮೇಡಂ, ಬನ್ನಿ. ನಾನು..."

"ಪರಿಚಯ ಬೇಡ. ವಿಮಾನ ತೋರ್ಸಿ."

ಮೆಟ್ಟಿಲ ಕೆಳಗೆ ಕೈ ಚಾಚಿ ನಿಂತಿದ್ದವನ ಕೈಗೆ ತನ್ನ ಕೋಟು ತುರುಕಿ ಅವಳು ಸರಸರನೆ ಮೇಲೆ ಹತ್ತಿಬಿಟ್ಟಳು!

ಅವನು ಕೋಟು ಹಿಡಿದುಕೊಂಡು ಹಾಗೇ ನಿಂತ. ಮುಖದಲ್ಲಿ ರಕ್ತವೇ ಇರಲಿಲ್ಲ.

'ಗುರುತು ಸಿಕ್ತಾ? ಸಿಗ್ಲಿ. ನಾಲ್ಕು ವರ್ಷದಿಂದ ಈ ದಿನಕ್ಕೇ ಕಾಯ್ತಿದ್ದೆ ಕಣೋ...' ಅವಳು ಒಳಗೊಳಗೇ ಹಲ್ಲು ಕಡಿದಳು.

ಕೊಳ್ಳುವವರ ಪರವಾಗಿ ವಿಮಾನ ಪರೀಕ್ಷೆ ಮಾಡುವುದು ಅವಳ ಕೆಲಸ. ಆ ಕಸುಬಿನವರೆಲ್ಲ ಅವಳನ್ನು 'ಭೂತಗನ್ನಡಿ' ಎಂದೇ ಕರೆಯುತ್ತಿದ್ದರು. ಅವಳು ಬೇಡವೆಂದ ವಿಮಾನದ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇವತ್ತಿನವರೆಗೆ ಒಂದೇ ಒಂದು ಸುಳ್ಳು ವರದಿ ಬರೆದವಳಲ್ಲ.

ಇವತ್ತು ಬರೆಯಲೆಂದೇ ಬಂದಿದ್ದಳು!

ಕೊಳ್ಳುವವರು ಬೇರೆ ಯಾರೂ ಅಲ್ಲ, ಅವಳ ದೊಡ್ಡಮ್ಮ. ಮಗ್ಗದ ಮುಂದೆ ಕೂಲಿಗೆ ನಿಂತು, ಕೊನೆಗೆ ಮಿಲ್ಲುಗಳನ್ನೇ ಕೊಂಡ ಹೆಂಗಸು. ಮಗ್ಗದ ಸದ್ದಿಗೆ ಕಿವಿ ಮುಕ್ಕಾಲು ಹೋಗಿತ್ತು. ಎದುರಿಗಿರುವವರ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದಳು. ಸಮುದ್ರ ದಾಟಿ ವ್ಯಾಪಾರಕ್ಕೆ ಹೋಗಿಬರಲು, ನಡುವೆ ಎಲ್ಲೂ ಇಳಿಯದೆ ಹಾರುವ ದೊಡ್ಡ ವಿಮಾನ ಅವಳಿಗೆ ಬೇಕಾಗಿತ್ತು.

ಅದನ್ನು ಮಾರಲು ನಿಂತಿದ್ದವನು ಅವನು. ಇದು ಮಾರಾಟವಾದರೆ ಅವನ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಈ ಸುದ್ದಿ ಕಿವಿಗೆ ಬಿದ್ದ ದಿನವೇ ಅವಳು ದೊಡ್ಡಮ್ಮನಿಗೆ ಫೋನ್ ಮಾಡಿ, "ಆ ವಿಮಾನ ನಾನೇ ನೋಡ್ತೀನಿ" ಎಂದಿದ್ದಳು.

ಅಂಥ ಅಪರಾಧ ಏನು ಮಾಡಿದ್ದ ಅವನು?

ನಾಲ್ಕು ವರ್ಷದ ಹಿಂದೆ ಇಬ್ಬರೂ ವಿಮಾನ ರಿಪೇರಿಯ ಒಂದೇ ಹ್ಯಾಂಗರ್‌ನಲ್ಲಿದ್ದರು. ಅವನು ಇಂಜಿನ್ ನೋಡುವವನು, ಅವಳು ಕ್ಯಾಬಿನ್ ನೋಡುವವಳು. ಒಂದೇ ಫ್ಲಾಸ್ಕಿನ ಕಾಫಿ, ಒಂದೇ ಬೆಂಚು, ಮುಗಿಯದ ಮಾತು... ಒಂದು ಮಧ್ಯಾಹ್ನ ಅವಳಿಗೆ ತಡೆಯಲಾಗಲಿಲ್ಲ. ಇಂಜಿನ್ ಪರೀಕ್ಷೆ ಮಾಡುತ್ತಿದ್ದವನ ಬಳಿ ಓಡಿಹೋಗಿ, ಮುಖಕ್ಕೆ ಮುಖ ಕೊಟ್ಟು ಕೇಳಿಯೇಬಿಟ್ಟಳು.

"ನನ್ನ ಮದ್ವೆ ಆಗ್ತೀಯಾ?"

ಅವನು ನಕ್ಕ. ನಕ್ಕು, ತಲೆ ಅಲ್ಲಾಡಿಸಿದ. ಆಮೇಲೆ ಬೆನ್ನು ತಿರುಗಿಸಿದ!

ಆ ಸಂಜೆಯೇ ಅವಳು ಕೆಲಸ ಬಿಟ್ಟಳು. ಅವನ ನಂಬರ್ ಬ್ಲಾಕ್ ಮಾಡಿದಳು. "ಹ್ಯಾಂಗರ್‌ನವರು ಯಾರೇ ಬಂದ್ರೂ ನಾನಿಲ್ಲ ಅನ್ನಿ" ಎಂದು ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದಳು. ಅಂದಿನಿಂದ ಮನೆಯಲ್ಲಿ ಅವನಿಗೆ ಒಂದೇ ಹೆಸರು: 'ತಲೆ ಅಲ್ಲಾಡಿಸಿದವನು.'

ಈಗ ಆ ತಲೆ ತಗ್ಗಿಸಿಕೊಂಡು ಅವಳ ಹಿಂದೆ ಹಿಂದೆ ಬರುತ್ತಿತ್ತು. ಅವಳ ಹೊಟ್ಟೆ ತಣ್ಣಗಾಗುವುದು ಬೇಡವೇ?

ಮೊಸರಲ್ಲಿ ಕಲ್ಲು ಹುಡುಕುವುದು ಶುರುವಾಯಿತು.

"ಈ ಸೀಟಿನ ಹೊಲಿಗೆ ಸೊಟ್ಟ."

"ಹೌದು ಮೇಡಂ. ಬರ್ಕೊಳ್ಳಿ."

"ಡ್ರಾಯರ್ ಕಿರ್ ಅನ್ನುತ್ತೆ."

"ಅದು ನನ್ ಶೂ ಮೇಡಂ."

ಅವಳಿಗೆ ನಗು ಬಂತು. ಬಂದ ನಗುವನ್ನು ಕತ್ತು ಹಿಸುಕಿ ಕೊಂದಳು. ಟಾಯ್ಲೆಟ್ ಫ್ಲಶ್ ಅನ್ನು ಅವನ ಕೈಯಿಂದ ಮತ್ತೆ ಮತ್ತೆ ಮಾಡಿಸಿದಳು. ಹಿಂದಿನ ಕೋಣೆಯ ಸೋಫಾ ಬಿಚ್ಚಿಸಿ, ಹಾಸಿಗೆ ಹಾಕಿಸಿ, ಮತ್ತೆ ಅವನಿಂದಲೇ ಮಡಿಚಿಸಿದಳು. ಸೂಟು ತೊಟ್ಟವನು ಬೆವರಿದ. ಆದರೂ ಒಂದು ಮಾತು ಎದುರಾಡಲಿಲ್ಲ!

'ಜಗಳಾನಾದ್ರೂ ಆಡೋ... ಕಲ್ಲಿನ ಹಾಗೆ ನಿಂತಿದೀಯಲ್ಲ!'

ಪಟ್ಟಿ ಮುಗಿಸಿ ಪೆನ್ನು ಮುಚ್ಚುವಾಗ ಅವನೇ ಮೆಲ್ಲಗೆ ಬಾಯಿ ಬಿಟ್ಟ.

"ಎಡಗಡೆ ಕೊನೇ ಕಿಟಕಿ ಪರದೆ ಅರ್ಧಕ್ಕೇ ನಿಂತ್ಬಿಡುತ್ತೆ. ಅದು ನಿಮ್ ಕಣ್ಣಿಗೆ ಬೀಳ್ಲಿಲ್ಲ. ಬರ್ಕೊಳ್ಳಿ."

ಅವಳು ಅವನನ್ನೇ ನೋಡಿದಳು. ಕೆಲಸ ಕಳೆದುಕೊಳ್ಳುವವನು ತನ್ನ ವಿಮಾನದ ತಪ್ಪನ್ನು ತಾನೇ ತೋರಿಸುತ್ತಾನೆಯೇ? ಒಂದು ಕ್ಷಣ ಪೆನ್ನು ಅಳುಕಿತು. ಆದರೆ ಆ ನಗು, ಆ ತಲೆ ಅಲ್ಲಾಡಿಸಿದ್ದು ನೆನಪಾಯಿತು. ಬರೆದುಕೊಂಡಳು.

ದೊಡ್ಡಮ್ಮ ಬಂದು ಪಟ್ಟಿ ಓದಿ, ಹಾರಿಸಿ ನೋಡಲು ತಾನೂ ಹತ್ತಿದಳು. ವಿಮಾನ ಮೇಲೇರಿತು. ಮೋಡಗಳು ಕೆಳಗೆ ಉಳಿದ ಮೇಲೆ ದೊಡ್ಡಮ್ಮ ಬಾಯಿ ತೆರೆದಳು.

"ಹೊಲಿಗೆ ಗಿಲಿಗೆ ಎಲ್ಲಾ ರಿಪೇರಿ ಆಗುತ್ತೆ. ನಂಗೆ ಬೇಕಾಗಿರೋದು ಒಂದೇ. ಮಗ್ಗದ ಸದ್ದಲ್ಲಿ ಕಿರುಚಿ ಕಿರುಚಿ ಗಂಟ್ಲು ಹರ್ಕೊಂಡಿದೀನಿ. ನನ್ ಜೊತೆ ಬರೋ ಮಿಲ್ಲಿನ ಮಕ್ಳು ವಿಮಾನದಲ್ಲೂ ಕಿರುಚಬಾರ್ದು."

"ಸದ್ದು ಅಳೆಯೋ ಮೀಟರ್ ತಂದಿದೀನಿ ದೊಡ್ಡಮ್ಮ."

"ಅವರೇನು ಮೀಟರ್ ಹತ್ರ ಮಾತಾಡ್ತಾರಾ? ಇವ್ನು ಕೊನೇ ಸೀಟಲ್ಲಿ ಕೂತು ಮೆತ್ತಗೆ ಮಾತಾಡ್ಲಿ. ನೀನು ಮೊದಲನೇ ಸೀಟಲ್ಲಿ ಕೂತ್ಕೋ. ಕೇಳಿಸಿದ್ರೆ ವಿಮಾನ ತಗೋತೀನಿ. ಇಲ್ಲಾಂದ್ರೆ ಬೇಡ. ನಿನ್ ಕಿವೀನೇ ನನ್ ಕಿವಿ."

ಹೀಗೆಂದು ದೊಡ್ಡಮ್ಮ ನಡುವಿನ ಸೋಫಾದಲ್ಲಿ ಕಾಲು ಚಾಚಿದಳು.

ಅವಳ ಎದೆ ಹಿಗ್ಗಿತು. ಸೇಡು ತಾನಾಗಿಯೇ ಬಂದು ಮಡಿಲಲ್ಲಿ ಬಿದ್ದಿತ್ತು! ಕೇಳಿಸಲಿಲ್ಲ ಎಂದರೆ ಸಾಕು, ಕಥೆ ಮುಗಿಯಿತು.

ಅವನು ಸೀಟಿನ ಜೇಬಿನಿಂದ ಸುರಕ್ಷತೆಯ ಕಾರ್ಡು ತೆಗೆದು ಓದಿದ. "ಸೀಟ್ ಬೆಲ್ಟ್ ಬಿಗಿದುಕೊಳ್ಳಿ."

ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟ!

"ಕೇಳಿಸ್ಲಿಲ್ಲ!" ಎಂದಳು.

"ಬಾಗಿಲಿನ ಹಿಡಿಯನ್ನು ಮುಟ್ಟಬೇಡಿ."

"ಊಹುಂ. ಏನೂ ಕೇಳಿಸ್ಲಿಲ್ಲ!"

ಜಾಣಕಿವುಡು ಅಂದರೆ ಇದು. ಹಿಂದೆ ಅವನು ಓದುವುದನ್ನು ಬಿಟ್ಟ. ಕಾರ್ಡು ಕೆಳಗಿಟ್ಟ ಶಬ್ದವೂ ಅವಳಿಗೆ ಕೇಳಿಸಿತು.

"ಕೇಳಿಸಲ್ವಾ? ಒಳ್ಳೇದಾಯ್ತು ಬಿಡು... ಹಾಗಾದ್ರೆ ಇದನ್ನೂ ಹೇಳ್ಬಿಡ್ತೀನಿ."

ಮೇಡಂ ಹೋಗಿ 'ನೀನು' ಬಂದಿತ್ತು. ಅವಳ ಬೆನ್ನು ನೆಟ್ಟಗಾಯಿತು.

"ಅವತ್ತು ನೀನು ಓಡಿ ಬಂದು ಏನೋ ಕೇಳ್ದೆ. ಇಂಜಿನ್ ಫುಲ್ ಸ್ಪೀಡಲ್ಲಿತ್ತು, ನಾನು ಕಿವಿ ಮುಚ್ಕೊಂಡಿದ್ದೆ. ನಿನ್ನ ನೋಡಿ ನಗು ಬಂತು... ಕೇಳಿಸ್ತಿಲ್ಲ ಅಂತ ತಲೆ ಅಲ್ಲಾಡಿಸ್ದೆ. ಇಂಜಿನ್ ಆಫ್ ಮಾಡ್ಸೋಣ ಅಂತ ಆ ಕಡೆ ತಿರುಗ್ದೆ. ಸದ್ದು ನಿಂತ್ಮೇಲೆ ನೋಡಿದ್ರೆ ನೀನೇ ಇಲ್ಲ."

ಅವಳ ಪೆನ್ನು ನಿಂತಿತು.

"ಫೋನ್ ಹೋಗ್ಲಿಲ್ಲ. ಮನೆ ಹತ್ರ ಬಂದೆ, ಇಲ್ಲ ಅಂದ್ರು. ಮತ್ತೆ ಬಂದೆ, ಆಗ್ಲೂ ಇಲ್ಲ ಅಂದ್ರು. ಆಮೇಲೆ ಇಂಜಿನ್ ಸ್ಟಾರ್ಟ್ ಆದಾಗೆಲ್ಲ ಅದೇ ಯೋಚ್ನೆ ಕಣೇ... ಏನು ಕೇಳಿದ್ಲು? ಏನು ಕೇಳಿದ್ಲು? ತಲೆ ಕೆಟ್ಟು ಆ ಕೆಲಸಾನೇ ಬಿಟ್ಟೆ. ಇವತ್ತು ಏನ್ ಬೇಕಾದ್ರೂ ಬರ್ಕೋ. ಈ ಕೆಲಸಾನೂ ಹೋಗ್ಲಿ. ಅವತ್ತು ಕೇಳಿದ್ದೇನು ಅಂತ ಒಂದೇ ಒಂದ್ಸಲ ಹೇಳ್ಬಿಡು..."

ನಾನಿಲ್ಲ ಅನ್ನಿ ಎಂದು ಮನೆಯವರಿಗೆ ಹೇಳಿದ್ದವಳು ತಾನೇ! ಬಾಗಿಲವರೆಗೆ ಬಂದವನನ್ನು ವಾಪಸ್ ಕಳಿಸಿದ್ದೂ ತಾನೇ! ನಾಲ್ಕು ವರ್ಷ ಅನ್ನ ಹಾಕಿ ಸಾಕಿದ ಸೇಡು... ಯಾರ ಮೇಲೆ? ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ?

ಸುಮ್ಮನಿದ್ದರೆ ಇವತ್ತು ಗೆಲ್ಲುತ್ತಾಳೆ. ಅವನಿಗೆ ಉತ್ತರ ಕೊಡಬೇಕೆಂದರೆ ತನ್ನ ಸುಳ್ಳನ್ನು ಒಪ್ಪಿಕೊಳ್ಳಬೇಕು.

"ಏನಮ್ಮಾ?" ದೊಡ್ಡಮ್ಮ ಅವಳ ಕಡೆ ತಿರುಗಿದಳು. "ಕೇಳಿಸ್ತಾ, ಇಲ್ವಾ?"

ಅವಳು ತುಂಬಿದ ಕಣ್ಣಲ್ಲೇ ದೊಡ್ಡಮ್ಮನ ಕಡೆ ಮುಖ ತಿರುಗಿಸಿದಳು.

"ಕೇಳಿಸ್ತು ದೊಡ್ಡಮ್ಮ... ಮೊದಲನೇ ಸಲಾನೇ ಕೇಳಿಸ್ತು. ನಾನು ಸುಳ್ಳು ಹೇಳ್ದೆ."

"ಗೊತ್ತು. ನಾನು ಅವನ ತುಟೀನೇ ನೋಡ್ತಾ ಬಿದ್ಕೊಂಡಿದ್ದೆ. ಅವನ ಮಾತಿಗೆ ನಿನ್ ಬೆನ್ನು ನೆಟ್ಟಗಾಗಿದ್ದೂ ನೋಡ್ದೆ. ಆ ತಲೆ ಅಲ್ಲಾಡಿಸಿದವನು ಇವನೇನಾ? ಅಲ್ವೇ, ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋಳೇ! ಇಂಜಿನ್ ಓಡ್ತಿತ್ತು ಅಂತ ನಂಗೆ ಒಂದು ಮಾತು ಹೇಳಿದ್ಯಾ? ಅಷ್ಟು ಗದ್ದಲದಲ್ಲಿ ತಲೆ ಅಲ್ಲಾಡಿಸಿದ್ರೆ ಕೇಳಿಸ್ಲಿಲ್ಲ ಅಂತ ಅರ್ಥ. ಮಗ್ಗದ ಮುಂದೆ ನಿಂತ ಯಾರನ್ನ ಕೇಳಿದ್ರೂ ಹೇಳ್ತಾರೆ!"

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ವಿಮಾನ ತಗೊಂಡೆ ನಾನು. ಆ ಪರದೆ ಮಾತ್ರ ಸರಿ ಮಾಡ್ಸಪ್ಪ," ಎಂದು ಹಿಂದಕ್ಕೆ ಕೂಗಿ ದೊಡ್ಡಮ್ಮ ಹೊದಿಕೆ ಎಳೆದುಕೊಂಡಳು. "ಈಗ ಕಣ್ಣು ಮುಚ್ಕೋತೀನಿ. ಮುಚ್ಚಿದ್ರೆ ನಂಗೆ ಯಾರ ಮಾತೂ ಕೇಳಿಸಲ್ಲ. ಮಾತಾಡ್ಕೊಳ್ಳಿ."

ಅವಳು ಎದ್ದು ಹಿಂದೆ ತಿರುಗಿದಳು. ಉದ್ದ ಕ್ಯಾಬಿನ್ನಿನ ಆ ತುದಿಯಲ್ಲಿ ಅವನೂ ಎದ್ದು ನಿಂತಿದ್ದ. ಅವಳು ದನಿ ಏರಿಸಲಿಲ್ಲ.

"ನನ್ನ ಮದ್ವೆ ಆಗ್ತೀಯಾ... ಅಂತ ಕೇಳಿದ್ದೆ."

ಅವನು ಕಿವಿಗೆ ಕೈ ಅಡ್ಡ ಹಿಡಿದ.

"ಏನಂದೆ? ಕೇಳಿಸ್ಲಿಲ್ಲ."

"ಏನೋ! ವಿಮಾನ ಫೇಲ್ ಮಾಡ್ಬಿಡ್ತೀನಿ ನೋಡು!"

"ಕೇಳಿಸ್ತು ಕಣೇ... ಕೇಳಿಸ್ತು." ಅವನು ಕೈ ಕೆಳಗಿಳಿಸಿದ. "ಇನ್ನೊಂದ್ಸಲ ಕೇಳೋ ಆಸೆ ಆಯ್ತು, ಅಷ್ಟೇ."

"ತಲೆ ಅಲ್ಲಾಡಿಸ್ಬೇಡ. ಬಾಯಿ ಬಿಟ್ಟು ಹೇಳು."

"ಆಗ್ತೀನಿ." ಅವನು ಕಣ್ಣೊರೆಸಿಕೊಂಡ. "ಹತ್ರ ಬಂದು ಹೇಳ್ಲಾ?"

"ಬಾ... ಇಂಜಿನ್ ಆಫ್ ಮಾಡ್ಸೋಕೆ ಮಾತ್ರ ಹೋಗ್ಬೇಡ!"