ನಾಲ್ಕನೆಯ ಮುಳ್ಳು

ಟಕ್!

ಅಷ್ಟೇ. ಅಷ್ಟು ಸಣ್ಣ ಸದ್ದಿಗೆ ದಾನೇಶ್ವರಿ ಬೆಚ್ಚಿದಳು. ಕೈಯಲ್ಲಿದ್ದ ಗಡಿಯಾರವನ್ನು ನೋಡಿದಳು. ಈಗ ತಾನೇ ಅದರಲ್ಲಿ ಮೂರು ಮುಳ್ಳುಗಳಿದ್ದವು. ಗಂಟೆಯದೊಂದು, ನಿಮಿಷದ್ದೊಂದು, ಕೆಳಗಿನ ಪುಟ್ಟ ವೃತ್ತದಲ್ಲಿ ಸೆಕೆಂಡಿನದೊಂದು. ಈಗ ನಾಲ್ಕು! ಗಂಟೆ ಮುಳ್ಳು ಹತ್ತು ಬಿಟ್ಟು ಹನ್ನೊಂದಕ್ಕೆ ಜಿಗಿದಿತ್ತು. ಅದು ಮೊದಲಿದ್ದ ಜಾಗದಲ್ಲಿ, ಥೇಟ್ ಅದರಂಥದೇ ಇನ್ನೊಂದು ಮುಳ್ಳು ನಿಂತಿತ್ತು.

"ಯವ್ವಾ! ಕೆಟ್ಟೇ ಹೋತು!"

ಮುಟ್ಟಬೇಡ ಎಂದು ಅಜ್ಜ ಹೇಳಿರಲಿಲ್ಲವೇ? ಹೇಳಿದ್ದ, ಒಂದಲ್ಲ ಮೂರು ಸಲ. ಆದರೆ ಅಜ್ಜ ಚಹಾ ಕುಡಿಯಲು ಬಾಜೂ ಹೋಟೆಲಿಗೆ ಹೋಗಿದ್ದೇ ತಡ, ಇವಳಿಗೆ ಅದನ್ನು ಕೈಗೆ ಕಟ್ಟಿಕೊಂಡು ನೋಡುವ ಆಸೆ ಬಂತು. ಬೆಲ್ಟು ಎಳೆಯುವಾಗ ಬದಿಯಲ್ಲಿ ಏನೋ ಒತ್ತಿದಂತಾಯಿತು. ಲಗುಬಗೆಯಿಂದ ಗಡಿಯಾರ ಬಿಚ್ಚಿ ಹಸಿರು ಬಟ್ಟೆಯ ಮೇಲಿಟ್ಟು, ಗಾಜಿನ ಬಟ್ಟಲು ಮುಚ್ಚಿ, ಏನೂ ಅರಿಯದವಳ ಹಾಗೆ ಸ್ಟೂಲಿನ ಮೇಲೆ ಕುಳಿತಳು.

ಅದು ಅಂತಿಂಥ ಗಡಿಯಾರವಲ್ಲ. ಹಡಗಿನಲ್ಲಿ ಎಂಜಿನಿಯರ್ ಆಗಿರುವ, ಅಜ್ಜನ ಓಣಿಯ ವಿನೀತ ಮಾಮಾನದು. ದೊಡ್ಡ ದೊಡ್ಡ ಮಷೀನುಗಳ ಹತ್ತಿರ ಇದ್ದೂ ಇದ್ದೂ ಅದಕ್ಕೆ ಅಯಸ್ಕಾಂತದ ಗುಣ ಹತ್ತಿ, ಮುಂದಮುಂದಕ್ಕೆ ಓಡತೊಡಗಿತ್ತು. ರಜೆಗೆ ಖಾನಾಪುರಕ್ಕೆ ಬಂದವನು ಅದನ್ನು ಸೀದಾ ಚನ್ನಬಸಯ್ಯ ಅಜ್ಜನ ಗಡಿಯಾರ ರಿಪೇರಿ ಅಂಗಡಿಗೆ ತಂದಿದ್ದ.

"ಅಜ್ಜಾರ, ಇದಕ್ಕ ಕೊಟ್ಟ ರೊಕ್ಕದಾಗ ಒಂದ ಕಾರ್ ಬರತಿತ್ತು. ನಿಮ್ಮನ್ನ ಬಿಟ್ಟು ಬ್ಯಾರೆ ಯಾರ ಕೈಯಾಗೂ ಕೊಡಂಗಿಲ್ಲ ನಾನು" ಎಂದಿದ್ದ.

ಕಣ್ಣಿನ ಪೊರೆಯ ಆಪರೇಶನ್ ಆಗಿ ಮೂರು ತಿಂಗಳ ಮೇಲೆ ಅಜ್ಜ ಹಿಡಿದ ಮೊದಲ ಕೆಲಸ ಇದು. ಗಡಿಯಾರ ಬಿಚ್ಚುವ ಗೊಡವೆಯೇ ಬೇಡವೆಂದು, ಅಯಸ್ಕಾಂತದ ಗುಣ ಬಿಡಿಸುವ ಕರೆಂಟಿನ ಸುರುಳಿಯ ಮೇಲೆ ನಿಧಾನ ಆಡಿಸಿ ತೆಗೆದಿದ್ದ. ಆಮೇಲೆ ದಿನಾ ಮುಂಜಾನೆ ರೇಡಿಯೋ ವಾರ್ತೆ ಶುರುವಾಗುವ ಸದ್ದಿಗೆ ಸರಿಯಾಗಿ ಅದನ್ನು ನೋಡುತ್ತಿದ್ದ. ಎಂಟು ದಿನ ತಾಳೆ ನೋಡದೆ ಅಜ್ಜ ಯಾರ ಗಡಿಯಾರವನ್ನೂ ಹಿಂದಿರುಗಿಸುವವನಲ್ಲ. ಐದು ದಿನ ಒಂದು ಸೆಕೆಂಡೂ ಆಚೀಚೆ ಆಗಿರಲಿಲ್ಲ. ದಸರಾ ರಜೆಗೆ ಬೆಳಗಾವಿಯಿಂದ ಬಂದಿದ್ದ ದಾನೇಶ್ವರಿಯ ಮುಂದೆ ಅಜ್ಜನ ಹೆಮ್ಮೆಯೋ ಹೆಮ್ಮೆ.

ಅಜ್ಜ ಚಹಾ ಮುಗಿಸಿ ಬಂದ. ಆಪರೇಶನ್ ಆದ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ಎತ್ತಿದ. ನೋಡಿದ. ಭೂತಗನ್ನಡಿ ತೆಗೆದು ಧೋತರದ ಅಂಚಿನಿಂದ ಒರೆಸಿದ. ಮತ್ತೆ ನೋಡಿದ. ಕಣ್ಣು ಗಟ್ಟಿಯಾಗಿ ಮುಚ್ಚಿ ತೆರೆದು ಇನ್ನೊಮ್ಮೆ ನೋಡಿದ.

"ಏನಾತಜ್ಜಾ?" ದಾನೇಶ್ವರಿ ಸ್ಟೂಲಿನಿಂದ ಏಳದೆಯೇ ಕೇಳಿದಳು.

"ಏನಿಲ್ಲವಾ."

ಗಡಿಯಾರವನ್ನು ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಡ್ರಾವರಿಗೆ ತಳ್ಳಿದ. ಅವತ್ತು ಭರಮಪ್ಪ ಎಂಬ ಗಿರಾಕಿ ಅಲಾರಂ ಗಡಿಯಾರ ತಂದರೆ, "ಇವತ್ತ ಬ್ಯಾಡಪಾ" ಎಂದು ಕಳಿಸಿಬಿಟ್ಟ. ಮರುದಿನವೂ ಅಷ್ಟೇ. ಗೋಡೆಯ ಗಡಿಯಾರಗಳಿಗೆ ಬೆನ್ನು ಹಾಕಿ, ರಸ್ತೆಯನ್ನೇ ನೋಡುತ್ತ ಕುಳಿತ. ಮನೆಯಲ್ಲಿ ಅಜ್ಜಿ, ಬಾಳವ್ವ ಆಯಿ, "ಯಾಕ್ರೀ, ರೊಟ್ಟಿ ಸೇರವಲ್ದೇನು?" ಎಂದು ಕೇಳಿದರೆ "ಹಸಿವಿಲ್ಲ" ಅಂದ.

ನಾನು ಮಾಡಿದ್ದು ಅಜ್ಜನಿಗೆ ಗೊತ್ತಾಗಿದೆ ಅಂದುಕೊಂಡಳು ದಾನೇಶ್ವರಿ. ಬೈದಾದರೂ ಬಿಡಬಾರದೇ? ಈ ಮೌನ ಬೈಗುಳಕ್ಕಿಂತ ಕಷ್ಟ ಮಾರಾಯರೇ.

ಮೂರನೆಯ ದಿನ ಅಜ್ಜ, "ನಡಿ, ಬೆಳಗಾವಿಗೆ ಹೋಗೂಣು. ನಿನ್ನ ಶಿವಬಸವ ನಗರದಾಗಿನ ನಿಮ್ಮ ಮನೀಗೆ ಬಿಟ್ಟು, ನಂದೊಂದ ಸ್ವಲ್ಪ ಕೆಲಸ ಮುಗಿಸಿ ಬರತೀನಿ" ಎಂದ. ರಜೆ ಇನ್ನೂ ನಾಲ್ಕು ದಿನ ಇತ್ತು! ಅವಳಿಗೆ ಅಳು ಬಂದಂತಾಯಿತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಅಜ್ಜ, ಅವನ ಪಕ್ಕ ಇವಳು. ಊರು ದಾಟಿದ ಮೇಲೆ ಅಜ್ಜ ಬಗ್ಗಿ ಮೆಲ್ಲಗೆ ಹೇಳಿದ.

"ದಾನೂ, ಒಂದ ಮಾತ ಹೇಳತೀನಿ. ನಿಮ್ಮ ಆಯಿ ಮುಂದ ಹೇಳಬ್ಯಾಡ, ಗಾಬರಿ ಆಗತಾಳ. ಆಪರೇಶನ್ ಮಾಡಿದ ಕಣ್ಣ ಕೈ ಕೊಡಾಕತ್ತೈತಿ. ವಿನೀತನ ವಾಚಿನ್ಯಾಗ ಒಂದ ಮುಳ್ಳ ನನಗ ಎರಡಾಗಿ ಕಾಣತೈತಿ. ವಾಚ್ ಸುದ್ದಾ ತಂದೀನಿ, ಡಾಕ್ಟರ್‌ಗೆ ತೋರಸಾಕ ಹೊಂಟೀನಿ."

ದಾನೇಶ್ವರಿ ಅಜ್ಜನ ತೊಡೆಯ ಮೇಲಿದ್ದ ಚೀಲ ನೋಡಿದಳು.

"ವಾಚ್ ವಾಪಸ್ ಕೊಟ್ಟ ಬಿಡತೀನಿ. ಆಮ್ಯಾಲ ಅಂಗಡಿ ಬಾಗಲಾ ಹಾಕೋದು. ಐವತ್ತ ವರ್ಷ ಮಾಡೀನಿ, ಸಾಕು. ಕಣ್ಣ ಸುದ್ದ ಇಲ್ಲದಾವ ಮಂದೀ ವಾಚ್ ಮುಟ್ಟಬಾರದು."

ಹಾಗಾದರೆ ಅಜ್ಜನಿಗೆ ಏನೂ ಗೊತ್ತೇ ಇಲ್ಲ! ಸಿಟ್ಟೂ ಇಲ್ಲ. ಸುಮ್ಮನೆ ಕುಳಿತರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಕ್ಷಣ, ಒಂದೇ ಕ್ಷಣ, ಅವಳಿಗೆ ಹಾಯೆನಿಸಿತು. ಆಮೇಲೆ ಅಜ್ಜನ ಮುಖ ನೋಡಿದಳು. ಎರಡೇ ದಿನಕ್ಕೆ ಅದು ಎಷ್ಟು ಸಣ್ಣದಾಗಿತ್ತು!

"ಅಜ್ಜಾ, ನಿನ್ನ ಕಣ್ಣ ಚಲೋ ಅದಾವು! ಮುಳ್ಳ ಖರೇನ ಎರಡ ಅದಾವು. ನಾನ... ನಾನ ಅದನ್ನ ಕೈಗೆ ಕಟಗೊಂಡಿದ್ದೆ. ಏನೋ ಒತ್ತಿತು, ಇನ್ನೊಂದ ಮುಳ್ಳ ಹೊರಗ ಬಂತು."

ಅಜ್ಜ ನಕ್ಕ. ಅದು ನಗೆಯಂತೆಯೇ ಇರಲಿಲ್ಲ. "ನನಗ ಸಮಾಧಾನ ಮಾಡಾಕ ಸುಳ್ಳ ಹೇಳಬ್ಯಾಡ ಕೂಸ. ಗಡಿಯಾರಕ್ಕ ಎಲ್ಲೆರೆ ಹೊಸಾ ಮುಳ್ಳ ಹುಟ್ಟತೈತೇನು?"

ಖರೇ ಹೇಳಿದರೂ ನಂಬದಿದ್ದರೆ ಏನು ಮಾಡುವುದು? ಅವಳು ಅಜ್ಜನ ಚೀಲಕ್ಕೆ ಕೈ ಹಾಕಿ ಡಬ್ಬಿ ತೆಗೆದಳು. ಟಿಕೆಟ್ ಕೊಡುತ್ತ ಬಂದ ಕಂಡಕ್ಟರನ ಮೂಗಿಗೇ ಹಿಡಿದಳು.

"ಮಾಮಾರೀ, ಇದರಾಗ ಮುಳ್ಳ ಎಷ್ಟ ಅದಾವ ಎಣಸರಿ!"

"ಆಧಾರ್ ಕಾರ್ಡ್ ತೋರಸಂದ್ರ ವಾಚ್ ತೋರಸ್ತಾಳಲ್ಲಪಾ ಈ ಹುಡಗಿ!" ಎಂದ ಕಂಡಕ್ಟರ್ ಬಗ್ಗಿ ಎಣಿಸಿದ. "ಒಂದ, ಎರಡ, ಮೂರ... ನಾಕ. ನಾಕ ಅದಾವ್ರಿ ಅಜ್ಜಾರ. ಯಾಕ್ರೀ, ಭಾಳ ಆದವೇನು?"

ಅಜ್ಜ ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗಿಟ್ಟ. ಬಸ್ಸು ಕುಲುಕುತ್ತಿದ್ದರೂ ಗಡಿಯಾರ ಹಿಡಿದ ಕೈ ಅಲುಗಲಿಲ್ಲ. ಬೆಲ್ಟು ಸೇರುವ ಜಾಗದ ಹತ್ತಿರ, ಬದಿಯಲ್ಲಿ ಉಗುರು ಆಡಿಸುತ್ತ ಹೋದ. ಅಂಚಿಗೆ ಸಮವಾಗಿ, ಯಾರಿಗೂ ಕಾಣದಂತೆ ಕೂಡಿಸಿದ್ದ ಎರಡು ಪುಟ್ಟ ಗುಂಡಿಗಳು! ಒಂದನ್ನು ಒತ್ತಿದ. ಮುಳ್ಳು ಇನ್ನೂ ಮುಂದೆ ಹೋಯಿತು. ಇನ್ನೊಂದನ್ನು ಎರಡು ಸಲ ಒತ್ತಿದ. ಮುಳ್ಳು ಹಿಂದೆ ಹಿಂದೆ ಬಂದು, ಇನ್ನೊಂದರ ಮೇಲೆ ಸರಿಯಾಗಿ ಕುಳಿತಿತು. ಕೆಳಗಿನದು ಪೂರ್ತಿ ಮರೆಯಾಯಿತು.

"ಅಬಬಬಾ! ನೋಡಿಲ್ಲೆ ದಾನೂ, ಊರೂರು ತಿರಗೋರ ವಾಚ್ ಇದು! ಮ್ಯಾಲಿನ ಮುಳ್ಳ ಹ್ವಾದ ಊರಿನ ಟೈಮ್ ತೋರಸ್ತೈತಿ. ತಳಗಿಂದು ಮನೀ ಟೈಮ್ ಹಿಡಕೊಂಡ ಕುಂದರತೈತಿ. ಮನಿಗೆ ಬಂದಾಗ ಎರಡೂ ಒಂದ! ಆ ವಿನೀತ ನನಗ ಒಂದ ಮಾತರೆ ಹೇಳಬಾರದೇನು, ಹುಚ್ಚಪ್ಯಾಲಿ!"

ಕಂಡಕ್ಟರ್ ನಗುತ್ತ ಮುಂದೆ ಹೋದ. ಅಜ್ಜ ಗಡಿಯಾರವನ್ನು ಡಬ್ಬಿಗಿಟ್ಟು ಇವಳ ಕಡೆ ತಿರುಗಿದ.

"ಎರಡ ದಿನಾ ಯಾಕ ಹೇಳಲಿಲ್ಲ?"

"ಹೆದರಿದ್ದೆ."

ಅಜ್ಜ ಈಗ ಬೈಯುತ್ತಾನೆ ಎಂದು ತಲೆ ತಗ್ಗಿಸಿ ಕುಳಿತಳು. ಬೈಗುಳ ಬರಲಿಲ್ಲ. ತಲೆ ಎತ್ತಿದರೆ ಅಜ್ಜ ಕಿಟಕಿಯ ಕಡೆ ಮುಖ ಮಾಡಿದ್ದ. ಟವೆಲ್ಲಿನಿಂದ ಒಂದು ಕಣ್ಣು ಒರೆಸಿಕೊಂಡ, ಆಮೇಲೆ ಇನ್ನೊಂದು.

"ನಾನೂ ಹೆದರಿದ್ದೆ" ಎಂದ.

ಎಪ್ಪತ್ತೆರಡು ವರ್ಷದ ಅಜ್ಜ! ಕತ್ತಲಿಗೆ, ಹಾವಿಗೆ, ಯಾವುದಕ್ಕೂ ಹೆದರದ ಅಜ್ಜ. ಎರಡು ದಿನ ಇಬ್ಬರೂ ಒಂದೇ ಮನೆಯಲ್ಲಿ ಎದುರುಬದುರು ಕುಳಿತು ಉಂಡಿದ್ದರು. ಅವನ ಹೆದರಿಕೆ ಅವನ ಹತ್ತಿರ, ಇವಳದು ಇವಳ ಹತ್ತಿರ. ಇವಳು ತನ್ನದೊಂದನ್ನೇ ಯೋಚಿಸಿದ್ದಳು.

ಅಜ್ಜ ಅವಳ ಕೈ ಹಿಡಿದುಕೊಂಡ. ಗಟ್ಟಿಯಾಗಿ ಹಿಡಿದಿದ್ದ, ಬೆರಳು ನೋಯುವಷ್ಟು. ದೇಸೂರು ಹೋಯಿತು, ಮಚ್ಚೆ ಹೋಯಿತು, ಬೆಳಗಾವಿಯೇ ಬಂತು. ದಾನೇಶ್ವರಿ ಕೈ ಬಿಡಿಸಿಕೊಳ್ಳಲಿಲ್ಲ.